ಕತಾರಿನ ಚಕ್ರಬಲೆ ಜೇಡಗಳು

ಚಕ್ರಬಲೆ ಜೇಡವೆಂಬುದು, ನಡುವಣ ನಾಭಿಯಿಂದ ಸುತ್ತಣ ನೇಮಿಯವರೆಗೆ ಚಾಚಿದ ಅರಗಳನ್ನೂ ಆ ಅರಗಳ ಮೇಲೆ ಸುತ್ತುಸುತ್ತಾಗಿ ಕೂರಿಸಿದ ಅಂಟುನೂಲಿನ ಸುರುಳಿಯನ್ನೂ ಉಳ್ಳ, ರಥದ ಗಾಲಿಯನ್ನು ಹೋಲುವ ಬಲೆಯನ್ನು ಗಿಡಮರಗಳ ಸಂದಿನಲ್ಲಿ ಕಟ್ಟಿ, ಅದಕ್ಕೆ ಸಿಕ್ಕುವ ಕೀಟಗಳನ್ನು ತಿಂದು ಬಾಳುವ ಜೇಡ. ಅರನೀಡೀ ಎಂಬ ಕುಟುಂಬಕ್ಕೆ ಸೇರಿದ ಈ ಜೇಡಗಳು ಉಷ್ಣ ಮತ್ತು ಸಮಶೀತೋಷ್ಣ ದೇಶಗಳಲ್ಲೆಲ್ಲ ಹರಡಿವೆ. ವರ್ಷಕ್ಕೆ ಸುಮಾರು 75 ಮಿಲಿಮೀಟರು ಮಳೆಯನ್ನು ಮಾತ್ರ ಕಾಣುವ, ಬೇಸಗೆಯಲ್ಲಿ 45 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾಯುವ ಕತಾರ್ ಪರ್ಯಾಯದ್ವೀಪವೂ ಇದಕ್ಕೆ ಹೊರತಲ್ಲ. ಅಲ್ಲಿಯ ತೋಟಗಳಲ್ಲಿ, ಉದ್ಯಾನಗಳಲ್ಲಿ, ಖರ್ಜೂರದ ಸಾಲುಗಳಲ್ಲಿ ಕಾಣಸಿಗುವ ಇವುಗಳಲ್ಲಿ ಕೆಲವು ತಮ್ಮ ಗಾತ್ರದಿಂದಲೂ ಬಣ್ಣದಿಂದಲೂ ನೋಡುವವರಲ್ಲಿ ಭೀತಿಯನ್ನು ಹುಟ್ಟಿಸುವುವಾದರೂ, ಮನುಷ್ಯನ ಪ್ರಾಣಕ್ಕೆ ಎರವಾಗತಕ್ಕದ್ದು ಒಂದೂ ಅವುಗಳಲ್ಲಿಲ್ಲ. ಇಂತಹ ಜೇಡವನ್ನು ಗುರುತಿಸಬೇಕಾದವರು ಮೊದಲು ನೋಡತಕ್ಕದ್ದು ಅದರ ಬಲೆಯನ್ನು. ಎರಡನೆಯದಾಗಿ, ಆ ಬಲೆಯಲ್ಲಿ ಅದು ಕುಳಿತಿರುವ ಭಂಗಿಯನ್ನು. ಮೈಬಣ್ಣಕ್ಕೆ ಮೂರನೆಯ ಸ್ಥಾನ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ಜೇಡ ಎಂಬ ಶಬ್ದವು ಬಲೆ ನೇಯುವ ಜೀವಿಗೂ ಬಟ್ಟೆ ನೇಯುವ ನೇಕಾರನಿಗೂ ಸಲ್ಲುತ್ತ ಬಂದಿದೆ. ಜೇಡರ ದಾಸಿಮಯ್ಯನೆಂದು ಪ್ರಸಿದ್ಧನಾದ ವಚನಕಾರನು ಮಗ್ಗದ ಕಾಯಕದವನು. ಸಂಸ್ಕೃತದ ಊರ್ಣನಾಭ, ತಂತುವಾಯ ಎಂಬ ಹೆಸರುಗಳಲ್ಲಿಯೂ ನೂಲು ನೇಯ್ಗೆಗಳ ಭಾವವೇ ಇದೆ. ಅರಬ್ಬಿಯಲ್ಲಿ ಜೇಡಕ್ಕೆ ಅನ್ಕಬೂತ್ ಎಂದು ಹೆಸರು. ಈ ಲೇಖನದಲ್ಲಿ ಬಲೆಯ ಭಾಗಗಳನ್ನು ಹೇಳುವಾಗ ಗಾಲಿಯ ಭಾಗಗಳಿಗೆ ಹಳೆಯ ಕಾಲದಿಂದಲೂ ಇರುವ ಹೆಸರುಗಳನ್ನೇ ಬಳಸಿದೆ: ನಡುಭಾಗ ನಾಭಿ, ನಾಭಿಯಿಂದ ಹೊರಟ ನೇರ ಎಳೆಗಳು ಅರಗಳು, ಹೊರಗಣ ಚೌಕಟ್ಟು ನೇಮಿ. ಅರಗಳ ಮೇಲೆ ಸುತ್ತುವ ಎಳೆಗೆ ಸುರುಳಿಯೆಂದು ಹೆಸರು.

ಜೇಡಗಳು ಕೀಟಗಳಲ್ಲ. ಕೀಟಕ್ಕೆ ಆರು ಕಾಲು, ಮೂರು ಭಾಗದ ದೇಹ. ಜೇಡಕ್ಕೆ ಎಂಟು ಕಾಲು, ಎರಡು ಭಾಗದ ದೇಹ. ಲೋಕದಲ್ಲಿ ಇದುವರೆಗೆ ಹೆಸರಿಸಲ್ಪಟ್ಟ ಜೇಡಗಳು 50,000 ಜಾತಿಗಳನ್ನು ಮೀರಿವೆ. ಅವುಗಳಲ್ಲಿ ಅರನೀಡೀ ಕುಟುಂಬಕ್ಕೆ ಸೇರಿದುವೇ ಮೂರು ಸಾವಿರಕ್ಕೂ ಮಿಕ್ಕಿವೆ. ಈ ಕುಟುಂಬವನ್ನು ಸ್ಥಾಪಿಸಿದವನು ಸ್ವೀಡನ್ನಿನ ಕಾರ್ಲ್ ಕ್ಲರ್ಕ್. ಅವನ ಗ್ರಂಥ ಪ್ರಕಟವಾದದ್ದು 1757ರಲ್ಲಿ. ಪ್ರಾಣಿಗಳ ವೈಜ್ಞಾನಿಕ ನಾಮಗಳೆಲ್ಲಕ್ಕೂ ಲಿನೇಯಸ್ಸನ 1758ರ ಗ್ರಂಥವೇ ಆರಂಭರೇಖೆಯೆಂದು ವಿದ್ವಾಂಸರು ಒಪ್ಪಿಕೊಂಡಿದ್ದರೂ, ಕ್ಲರ್ಕನ ಜೇಡಗಳಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ ಕೊಟ್ಟು, ಒಂದು ವರ್ಷ ಹಿಂದಿನ ಆ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡಿರುವರು.

ಅರೇಬಿಯಾ ಸೀಮೆಯ ಚಕ್ರಬಲೆ ಜೇಡಗಳ ಶಾಸ್ತ್ರೀಯ ಪರಿಚಯವು ಒಂದು ದುಃಖದ ಕಥೆಯೊಡನೆ ಹೆಣೆದುಕೊಂಡಿದೆ. 1761ರಲ್ಲಿ ಡೆನ್ಮಾರ್ಕಿನ ದೊರೆಯು ಅರೇಬಿಯಾಕ್ಕೆ ಕಳುಹಿಸಿದ ವಿದ್ವಾಂಸರ ತಂಡದಲ್ಲಿ ಲಿನೇಯಸ್ಸನ ಶಿಷ್ಯನಾದ ಪೀಟರ್ ಫೋರ್ಸ್‌ಕಾಲನೂ ಇದ್ದನು. ಈಜಿಪ್ಟಿನಿಂದ ಯೆಮೆನ್ನಿನವರೆಗೆ ಸಸ್ಯಗಳನ್ನೂ ಪ್ರಾಣಿಗಳನ್ನೂ ಸಂಗ್ರಹಿಸಿ ವಿವರಗಳನ್ನು ಬರೆದಿಟ್ಟ ಈ ತರುಣನು 1763ರಲ್ಲಿ ಯೆಮೆನ್ನಿನ ಯರೀಮ್ ಎಂಬಲ್ಲಿ ಜ್ವರದಿಂದ ತೀರಿಕೊಂಡನು. ತಂಡದಲ್ಲಿ ಜೀವಸಹಿತ ಮರಳಿದವನು ಕಾರ್ಸ್ಟೆನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನು ಜೋಪಾನವಾಗಿ ತಂದು 1775ರಲ್ಲಿಯೂ 1776ರಲ್ಲಿಯೂ ಅಚ್ಚು ಮಾಡಿಸಿದನು. ಮುಂದೆ ವಿವರಿಸಲಾಗುವ ಗುಡಾರಬಲೆಯ ಜೇಡಕ್ಕೆ ಮೊದಲ ಹೆಸರು ದೊರೆತದ್ದು ಆ ಪುಟಗಳಲ್ಲಿ.

ಶರೀರ ರಚನೆ

ದೇಹದ ಮುಂಭಾಗ ಶಿರೋವಕ್ಷ, ಹಿಂಭಾಗ ಉದರ. ಇವೆರಡನ್ನು ಕೂಡಿಸುವುದು ಒಂದು ಸಣ್ಣ ನಡು. ಶಿರೋವಕ್ಷದ ಮುಂದೆ ಎರಡು ಸಾಲಾಗಿ ಎಂಟು ಕಣ್ಣುಗಳಿದ್ದರೂ ಚಕ್ರಬಲೆ ಜೇಡಗಳ ದೃಷ್ಟಿ ಮಂದ. ಅವುಗಳಿಗೆ ಲೋಕವೆಲ್ಲ ತಿಳಿಯುವುದು ಕಾಲುಗಳ ಮೂಲಕ. ಎಳೆಯ ಕಂಪನವನ್ನು ಗ್ರಹಿಸುವ ಸೂಕ್ಷ್ಮ ಸೀಳುಗಳೂ ಗಾಳಿಯ ಅಲುಗಾಟವನ್ನು ಗ್ರಹಿಸುವ ನವಿರಾದ ರೋಮಗಳೂ ಕಾಲುಗಳ ಮೇಲಿವೆ. ಕಾಲಿನ ತುದಿಯಲ್ಲಿ ಮೂರು ಉಗುರುಗಳಿದ್ದು, ನಡುವಿನದು ಎಳೆಯನ್ನು ಕೊಕ್ಕೆಯಂತೆ ಹಿಡಿಯಲು ಒದಗುತ್ತದೆ. ಕಾಲಿನ ಕೆಲವು ಕೀಲುಗಳಲ್ಲಿ ಮಡಚುವ ಸ್ನಾಯುಗಳುಂಟೇ ಹೊರತು ನೀಡುವ ಸ್ನಾಯುಗಳಿಲ್ಲ. ದೇಹದ್ರವದ ಒತ್ತಡದಿಂದಲೇ ಕಾಲು ನೀಳವಾಗುವುದು. ಸತ್ತ ಜೇಡದ ಕಾಲುಗಳೆಲ್ಲ ಹೊಟ್ಟೆಯ ಕಡೆಗೆ ಮುದುಡಿಕೊಂಡಿರುವುದಕ್ಕೆ ಆ ಒತ್ತಡ ಇಳಿದುಹೋಗುವುದೇ ಕಾರಣ.

ಉದರದ ತುದಿಯಲ್ಲಿ ನೂಲುವ ಅಂಗಗಳಿವೆ. ಒಂದು ಹೆಣ್ಣು ಚಕ್ರಬಲೆ ಜೇಡದಲ್ಲಿ ಏಳು ಬಗೆಯ ನೂಲುಗ್ರಂಥಿಗಳಿದ್ದು, ಒಂದೊಂದರ ಎಳೆಗೂ ಒಂದೊಂದು ಕೆಲಸ ನಿಗದಿಯಾಗಿದೆ. ನೇಮಿಗೂ ಅರಗಳಿಗೂ ಗಟ್ಟಿಯಾದ ಎಳೆ. ಹಿಡಿಯುವ ಸುರುಳಿಗೆ ತನ್ನ ಉದ್ದದ ಇಮ್ಮಡಿಗೂ ಮೀರಿ ಹಿಗ್ಗುವ ಎಳೆ. ಆ ಎಳೆಯ ಮೇಲೆ ಮಣಿಮಣಿಯಾಗಿ ಕೂರುವ ಅಂಟು. ಬೇಟೆಯನ್ನು ಸುತ್ತಲು ಹಾಳೆಯಂತಹ ನವಿರು ನೂಲು. ಮೊಟ್ಟೆಚೀಲಕ್ಕೆ ಒರಟು ನೂಲು. ಅರದ ಎಳೆಯು ಅದೇ ತೂಕದ ಉಕ್ಕಿನ ತಂತಿಗಿಂತ ಬಲವುಳ್ಳದ್ದು.

ಬಲೆ ಕಟ್ಟುವ ಕ್ರಮ

ಮೊದಲು ಜೇಡವು ಒಂದು ಎತ್ತರದಿಂದ ಎಳೆಯೊಂದನ್ನು ಗಾಳಿಗೆ ಬಿಡುವುದು. ಅದು ಎದುರಿನ ಕೊಂಬೆಗೆ ತಗುಲಿ ನಿಂತರೆ ಸೇತುವೆಯಾಯಿತು. ಸೇತುವೆಯ ನಡುವಿನಿಂದ ಜೇಡವು ಕೆಳಕ್ಕೆ ಇಳಿದು ಎಳೆಯನ್ನು ಬಿಗಿದಾಗ ಮೂರು ಅರಗಳ ಒಂದು ಕವಲು ಆಗುವುದು, ಆ ಕವಲಿನ ಕೂಡುನೆಲೆಯೇ ನಾಭಿ. ನೇಮಿಯೂ ಉಳಿದ ಅರಗಳೂ ಮುಗಿದ ಬಳಿಕ, ನಾಭಿಯಿಂದ ಹೊರಕ್ಕೆ ಅಂಟಿಲ್ಲದ ಒಂದು ವಿರಳ ಸುರುಳಿಯನ್ನು ಹಾಕುವುದು. ಇದು ಕಟ್ಟಡಕ್ಕೆ ಸಾರುವೆ ಕಟ್ಟಿದಂತೆ. ಆಮೇಲೆ ದಿಕ್ಕನ್ನು ತಿರುಗಿಸಿ, ಹೊರಗಿನಿಂದ ಒಳಕ್ಕೆ, ಈ ಸಾರುವೆಯನ್ನು ಕತ್ತರಿಸುತ್ತ, ಅದರ ಜಾಗದಲ್ಲಿ ಅಂಟುಸುರುಳಿಯನ್ನು ಒತ್ತೊತ್ತಾಗಿ ಕೂರಿಸುತ್ತ ಬರುವುದು. ಒಂದು ಕಾಲು ಹಿಂದಿನ ಸುತ್ತನ್ನು ಮುಟ್ಟಿ ಅಂತರವನ್ನು ಅಳೆಯುತ್ತಿದ್ದರೆ, ಹಿಂಗಾಲು ಎಳೆಯನ್ನು ಸೆಳೆದು ಅರಕ್ಕೆ ತಾಗಿಸುತ್ತಿರುವುದು. ಕಣ್ಣಿನ ನೆರವಿಲ್ಲದೆಯೇ ಈ ಕೆಲಸವೆಲ್ಲ ಕತ್ತಲೆಯಲ್ಲಿಯೂ ತಪ್ಪಿಲ್ಲದೆ ನಡೆಯುವುದನ್ನು ಕಂಡವರು ಅದನ್ನು ಬೇಗ ಮರೆಯಲಾರರು. ಹಳತಾದ ಬಲೆಯನ್ನು ಹಲವು ಜಾತಿಗಳು ತಾವೇ ತಿಂದುಬಿಡುವುವು. ಅದರ ಸತ್ತ್ವ ಹೊಸ ಬಲೆಯ ನೂಲಿಗೆ ಒದಗುವುದು.

1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಅಂತರಿಕ್ಷ ನಿಲ್ದಾಣಕ್ಕೆ ಒಯ್ದ ಅರಬೆಲ್ಲಾ, ಅನಿಟಾ ಎಂಬ ಎರಡು ಚಕ್ರಬಲೆ ಜೇಡಗಳು ಭಾರವಿಲ್ಲದ ಸ್ಥಿತಿಯಲ್ಲಿ ಮೊದಲು ತಬ್ಬಿಬ್ಬಾದರೂ, ಸ್ವಲ್ಪ ಕಾಲದಲ್ಲಿಯೇ ಬಲೆ ಕಟ್ಟಲು ಶಕ್ತವಾದುವು.

ಸುರುಳಿಯ ಅಂಟುಹನಿಗಳಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಒಣಗಿದ ಅಂಟು ಕೆಲಸಕ್ಕೆ ಬಾರದು. ಮಳೆಯೇ ವಿರಳವಾದ ಕತಾರಿನಲ್ಲಿ ಈ ಜೇಡಗಳು ಹೇಗೆ ಬಾಳುತ್ತವೆಯೆಂಬ ಪ್ರಶ್ನೆಗೆ ಉತ್ತರದ ಒಂದಂಶ ಇಲ್ಲಿದೆ. ಮೂರು ಕಡೆ ಸಮುದ್ರವಿರುವ ಈ ನಾಡಿನಲ್ಲಿ ಬೇಸಗೆಯ ಕೊನೆಯ ತಿಂಗಳುಗಳ ಗಾಳಿ ತೇವದಿಂದ ತುಂಬಿರುವುದು. ಅಂತಹ ದಿನಗಳ ಬೆಳಗಿನ ಜಾವದಲ್ಲಿ ಇಬ್ಬನಿ ಕೂತ ಬಲೆಯ ಒಂದೊಂದು ಸುತ್ತೂ ಮುತ್ತಿನ ಸರದಂತೆ ಎದ್ದು ಕಾಣುವುದರಿಂದ, ಚಕ್ರಬಲೆಯನ್ನು ನೋಡಬಯಸುವವರಿಗೆ ಅದೇ ಪ್ರಶಸ್ತವಾದ ವೇಳೆ.

ಮುಖ್ಯ ಬಗೆಗಳು

ಹಾಲೆಯುದರದ ಜೇಡ (ಅರ್ಜಿಯೋಪಿ ಲೊಬೇಟ). ಆಫ್ರಿಕಾ, ದಕ್ಷಿಣ ಯುರೋಪು, ಅರೇಬಿಯಾಗಳಿಂದ ಏಷ್ಯಾದ ಪೂರ್ವದವರೆಗೂ ವ್ಯಾಪಿಸಿದ, ಒಣ ಬಿಸಿಲಿನ ಬಯಲನ್ನು ಮೆಚ್ಚುವ ದೊಡ್ಡ ಜೇಡ. ಪಲ್ಲಾಸ್ ಎಂಬ ವಿದ್ವಾಂಸನು ಇದಕ್ಕೆ 1772ರಲ್ಲಿ ಹೆಸರಿಟ್ಟನು. ಹೆಣ್ಣಿನ ದೇಹದ ಉದ್ದ ಸುಮಾರು 25 ಮಿಲಿಮೀಟರು. ಚಾಚಿದ ಕಾಲುಗಳನ್ನು ಸೇರಿಸಿದರೆ ಅಂಗೈಯ ಬಹುಭಾಗವನ್ನು ತುಂಬುವಷ್ಟು. ಗಂಡು ಅದರ ಕಾಲುಭಾಗದಷ್ಟೇ ಇದ್ದು ಎಷ್ಟೋ ವೇಳೆ ಕಣ್ಣಿಗೇ ಬೀಳದು. ಹೆಣ್ಣಿನ ಶಿರೋವಕ್ಷವು ಬೆಳ್ಳಿಯ ಬಣ್ಣದ ರೋಮಗಳಿಂದ ಮುಚ್ಚಿದೆ. ಉದರದ ಬೆನ್ನು ಬೆಳ್ಳಿಯಂತೆ ಬಿಳುಪು. ಅದರ ಎರಡು ಅಂಚುಗಳೂ ದುಂಡನೆಯ ಹಾಲೆಗಳಾಗಿ ಹೊರಚಾಚಿ, ಮೇಲಿನಿಂದ ನೋಡಿದರೆ ಕತ್ತರಿಸಿದ ಎಲೆಯ ಅಂಚಿನಂತೆ ಕಾಣುವುದು. ಕಾಲುಗಳ ಮೇಲೆ ಕಪ್ಪು ಉಂಗುರಗಳು. ಈ ಬೆಳ್ಳಿಬಿಳುಪಿಗೆ ಚರ್ಮದಡಿಯ ಗ್ವಾನೀನ್ ಎಂಬ ಪದಾರ್ಥದ ಹರಳುಗಳು ಕಾರಣ; ಅವು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ನಡುಹಗಲಿನಲ್ಲಿಯೂ ಜೇಡವು ಬಲೆಯನ್ನು ಬಿಟ್ಟು ಓಡಬೇಕಾಗಿಲ್ಲ. ಇದರ ಹತ್ತಿರದ ಬಂಧುವಾದ ಅರ್ಜಿಯೋಪಿ ಸೆಕ್ಟರ್ ಉತ್ತರ ಆಫ್ರಿಕಾದಲ್ಲಿಯೂ ಪಶ್ಚಿಮ ಏಷ್ಯಾದಲ್ಲಿಯೂ ಇದೆ. ಇವೆರಡನ್ನು ಸಂದೇಹವಿಲ್ಲದೆ ಬೇರ್ಪಡಿಸಲು ಹೆಣ್ಣಿನ ಜನನಾಂಗದ ಫಲಕವನ್ನು ಸೂಕ್ಷ್ಮದರ್ಶಕದಿಂದ ನೋಡಬೇಕಾಗುವುದು.

ಕರ್ನಾಟಕದ ಬೇಲಿಗಳಲ್ಲಿ, ಕಾಫಿ ತೋಟಗಳಲ್ಲಿ, ಬಲೆಯ ನಡುವೆ ಬಿಳಿ ನೂಲಿನ ಅಂಕುಡೊಂಕು ಗೆರೆಗಳನ್ನು ಹಾಕಿಕೊಂಡು ಕೂರುವ, ಸಹಿ ಜೇಡವೆಂದು ಹೆಸರಾದ ಅರ್ಜಿಯೋಪಿ ಅನಸೂಯ, ಅರ್ಜಿಯೋಪಿ ಪುಲ್ಚೆಲ್ಲ ಎಂಬುವು ಇದೇ ಕುಲದವು. ಊರಿನಲ್ಲಿ ಅವುಗಳನ್ನು ಕಂಡವರಿಗೆ ಕತಾರಿನ ಹಾಲೆಯುದರದ ಜೇಡವನ್ನು ಬಂಧುವೆಂದು ಒಡನೆಯೇ ಗುರುತಿಸುವುದು ಕಷ್ಟವಾಗದು.

ಗುಡಾರಬಲೆಯ ಜೇಡ (ಸಿರ್ಟೊಫೋರ ಸಿಟ್ರಿಕೋಲ). ಫೋರ್ಸ್‌ಕಾಲನ ಹೆಸರನ್ನು ಹೊತ್ತ ಈ ಜಾತಿ 1775ರಿಂದ ಶಾಸ್ತ್ರಕ್ಕೆ ಪರಿಚಿತ. ಸಿಟ್ರಿಕೋಲ ಎಂದರೆ ನಿಂಬೆ ಜಾತಿಯ ಗಿಡದಲ್ಲಿ ವಾಸಿಸುವುದು. ಇದರ ಚಕ್ರ ನೆಲಕ್ಕೆ ಸಮಾನಾಂತರವಾಗಿ ಹರಡಿದ ಜಾಲರಿ. ನಡುಭಾಗ ಗುಡಾರದ ಶಿಖರದಂತೆ ಮೇಲಕ್ಕೆ ಎದ್ದಿರುವುದು. ಅದರ ಮೇಲೆ ಅಡ್ಡಾದಿಡ್ಡಿ ಎಳೆಗಳ ಸಿಕ್ಕು. ಎಳೆಗಳಲ್ಲಿ ಅಂಟಿಲ್ಲ. ಹಾರಿಬಂದ ಕೀಟವು ಮೇಲಿನ ಸಿಕ್ಕಿಗೆ ಬಡಿದು ಕೆಳಗಿನ ಜಾಲರಿಯ ಮೇಲೆ ಬೀಳುವುದು. ದಿನವೂ ಹೊಸತಾಗಿ ಕಟ್ಟದೆ, ಒಂದೇ ಬಲೆಯನ್ನು ಬಹುಕಾಲ ರಿಪೇರಿ ಮಾಡಿಕೊಂಡು ಇರುವುದರಿಂದ, ಒಂದರ ಪಕ್ಕದಲ್ಲಿ ಇನ್ನೊಂದು ನೆಲೆಸಿ, ಒಂದೇ ಗಿಡವನ್ನು ಹತ್ತಾರು ಗುಡಾರಗಳು ಆವರಿಸುವುದುಂಟು. ಹೆಣ್ಣಿನ ಉದ್ದ ಸುಮಾರು 10 ಮಿಲಿಮೀಟರು. ಉದರದ ಮೇಲೆ ಜೋಡಿ ಗುಬುಟುಗಳು. ಮೊಟ್ಟೆಚೀಲಗಳು ಕಸಕಡ್ಡಿಯನ್ನು ಮೆತ್ತಿಕೊಂಡು ನಾಭಿಯ ಮೇಲ್ಗಡೆ ಮಾಲೆಯಾಗಿ ನೇತಾಡುವುವು.

ನಿಯೋಸ್ಕೋನ ಕುಲ. ಕಂದುಬಣ್ಣದ, ನಡುಗಾತ್ರದ ರಾತ್ರಿಯ ಜೇಡಗಳು. ಮುಸ್ಸಂಜೆಯಲ್ಲಿ ಬಲೆ ಕಟ್ಟಿ, ಹಗಲಿನಲ್ಲಿ ಎಲೆಯ ಮರೆಯನ್ನು ಸೇರುವುವು. ಅಂಗಳದ ದೀಪದ ಬಳಿ ರಾತ್ರಿ ಕಂಡ ದೊಡ್ಡ ಚಕ್ರವು ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದರೆ ಅದನ್ನು ಈ ಕುಲದ್ದೆಂದು ಊಹಿಸಬಹುದು.

ಇವಲ್ಲದೆ, ನೀರಿನ ಅಂಚಿನ ಜೊಂಡಿನಲ್ಲಿ ಕಡ್ಡಿಯಂತೆ ನೀಳವಾಗಿ ಚಾಚಿಕೊಳ್ಳುವ ಟೆಟ್ರಾಗ್ನಾತ ಜೇಡಗಳೂ, ವಿಷಗ್ರಂಥಿಯೇ ಇಲ್ಲದ ಯುಲೊಬೊರಿಡೀ ಜೇಡಗಳೂ ಚಕ್ರಬಲೆಯನ್ನು ಕಟ್ಟುವುವು. ಆದರೆ ಅವು ಬೇರೆ ಕುಟುಂಬಗಳವು.

ಗುರುತಿಸುವ ಕ್ರಮ

ಬಲೆಯಿಂದ ತಿಳಿಯುವ ಮೂಲ ಸಂಗತಿ ಹೀಗೆ: ಎಳೆಗಳು ಗಾಲಿಯಂತೆ ಕ್ರಮಬದ್ಧವಾಗಿದ್ದು, ಬಲೆಯು ನೆಲದಿಂದ ಎತ್ತರದಲ್ಲಿ, ಬಯಲಿನಲ್ಲಿ, ಗಿಡಗಿಡಗಳ ನಡುವೆ ತೂಗುತ್ತಿದ್ದರೆ ಅದನ್ನು ಕಟ್ಟಿದ ಜೇಡ ನಿರಪಾಯಕಾರಿ. ನಾಭಿಯಲ್ಲಿ ತಲೆ ಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಿಸುವ ಚಿಹ್ನೆಯಂತೆ ನಾಲ್ಕು ದಿಕ್ಕಿಗೆ ಚಾಚಿಕೊಂಡಿದ್ದರೆ ಅದು ಅರ್ಜಿಯೋಪಿ ಕುಲದ ಹೆಣ್ಣು. ಬಲೆಯ ಮೇಲೆ ಅಂಕುಡೊಂಕಾದ ಬಿಳಿಯ ನೂಲಿನ ಪಟ್ಟಿ ಕಂಡರೆ ಈ ನಿರ್ಣಯ ಇನ್ನೂ ದೃಢವಾಗುವುದು. ಆದರೆ ಹಾಲೆಯುದರದ ಜೇಡದಲ್ಲಿ ಆ ಪಟ್ಟಿ ಎಷ್ಟೋ ವೇಳೆ ಅರ್ಧವಾಗಿರುವುದು, ಇಲ್ಲವೆ ಇರುವುದೇ ಇಲ್ಲ. ಈ ಪಟ್ಟಿ ಬಲೆಗೆ ಬಲವನ್ನು ಕೊಡುವುದೆಂದು ಮೊದಲು ಭಾವಿಸಿ ಅದಕ್ಕೆ ಸ್ಥಿರಕವೆಂಬ ಅರ್ಥದ ಹೆಸರಿಟ್ಟರು. ನೇರಿಳಾತೀತ ಕಿರಣಗಳನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುವುದೆಂದು ಕೆಲವರೂ, ಜೇಡದ ಆಕಾರವನ್ನು ಮರೆಮಾಡುವುದೆಂದು ಕೆಲವರೂ, ಹಕ್ಕಿಗಳು ಬಲೆಗೆ ನುಗ್ಗದಂತೆ ಎಚ್ಚರಿಸುವುದೆಂದು ಇನ್ನು ಕೆಲವರೂ ವಾದಿಸಿದ್ದಾರೆ.

ಮೆಲ್ಲನೆ ಬಳಿ ಸಾರಿ ಉಸಿರನ್ನು ಬಿಟ್ಟರೆ, ಅರ್ಜಿಯೋಪಿಯು ಕಾಲುಗಳನ್ನು ಕುಗ್ಗಿಸಿ ಹಿಗ್ಗಿಸಿ ಇಡೀ ಬಲೆಯನ್ನು ಜೋರಾಗಿ ತೂಗಾಡಿಸುವುದು. ಆಗ ಜೇಡದ ರೂಪವೇ ಮಸಕಾಗಿಬಿಡುವುದು. ಇದನ್ನು ಆಕ್ರಮಣವೆಂದು ತಿಳಿಯುವವರುಂಟು. ಇದು ಶತ್ರುವಿನ ಕಣ್ಣನ್ನು ತಪ್ಪಿಸುವ ಉಪಾಯ ಮಾತ್ರ. ಇನ್ನೂ ಹೆದರಿಸಿದರೆ ಅದು ಎಳೆಯೊಂದನ್ನು ಹಿಡಿದು ನೆಲಕ್ಕೆ ಧುಮುಕಿ ಅಡಗಿಕೊಳ್ಳುವುದು.

ನಿಜವಾಗಿ ಎಚ್ಚರದಿಂದಿರಬೇಕಾದದ್ದು ಕಪ್ಪು ವಿಧವೆಯೆಂದು ಪ್ರಸಿದ್ಧವಾದ ಲ್ಯಾಟ್ರೊಡೆಕ್ಟಸ್ ಕುಲದ ವಿಷಯದಲ್ಲಿ. ಅರೇಬಿಯಾದಲ್ಲಿಯೂ ಇರುವ ಈ ಜೇಡಗಳ ಬಲೆಗೆ ಚಕ್ರದ ಕ್ರಮವಿಲ್ಲ. ಕಲ್ಲಿನ ಸಂದು, ಹೂಕುಂಡದ ತಳ, ಬಿಸಾಡಿದ ಸಾಮಾನಿನ ಅಡಿ ಮುಂತಾದ ನೆಲದ ಹತ್ತಿರದ ಕತ್ತಲ ಎಡೆಗಳಲ್ಲಿ ಅಡ್ಡಾದಿಡ್ಡಿಯಾಗಿ ಬಿಗಿದ ಗಟ್ಟಿ ಎಳೆಗಳು ಅವುಗಳ ಗುರುತು. ಉದರ ಗುಂಡಗೆ, ನುಣ್ಣಗೆ, ಬಟಾಣಿಯಂತೆ. ಮರಳುಗಾಡಿನಲ್ಲಿ ಓಡಾಡುವ, ಒಂಟೆಜೇಡವೆಂದು ಕರೆಯಲ್ಪಡುವ ಪ್ರಾಣಿಯಾದರೋ ಜೇಡವೇ ಅಲ್ಲ. ಅದು ಬಲೆಯನ್ನು ನೇಯುವುದಿಲ್ಲ, ವಿಷಗ್ರಂಥಿಯೂ ಅದಕ್ಕಿಲ್ಲ.

ಆಹಾರ ಮತ್ತು ಬೇಟೆ

ಮಿಡತೆ, ನೊಣ, ಜೇನ್ನೊಣ, ಪತಂಗಗಳು ಮುಖ್ಯ ಆಹಾರ. ಮಿಡತೆ ಬಲೆಗೆ ಬಿದ್ದೊಡನೆ ಅರ್ಜಿಯೋಪಿಯು ಆ ಕಡೆಯ ಅರದ ಮೇಲೆ ಓಡಿಹೋಗಿ, ಹಿಂಗಾಲುಗಳಿಂದ ನೂಲಿನ ಅಗಲವಾದ ಪಟ್ಟಿಯನ್ನು ಎಸೆದೆಸೆದು, ಬೇಟೆಯನ್ನು ಕದಿರಿನಂತೆ ಉರುಳಿಸುತ್ತ ಸುತ್ತಿಬಿಡುವುದು, ಕಚ್ಚುವುದು ಆಮೇಲೆ. ಪತಂಗದ ಮಾತು ಬೇರೆ. ಅದರ ರೆಕ್ಕೆಯ ಹುಡಿ ಅಂಟಿಗೆ ಮೆತ್ತಿಕೊಂಡು ಉದುರುವುದರಿಂದ ಅದು ಕ್ಷಣದಲ್ಲಿ ಜಾರಿಹೋಗಬಲ್ಲುದು. ಅದನ್ನು ಅರಿತಂತೆ ಜೇಡವು ಪತಂಗವನ್ನು ಮೊದಲು ಕಚ್ಚಿ ಹಿಡಿದು, ಅನಂತರ ಸುತ್ತುವುದು. ಬೇಟೆ ಯಾವುದೆಂಬುದನ್ನು ಎಳೆಯ ಅದುರಿನಿಂದಲೂ ಮುಟ್ಟುವಿಕೆಯಿಂದಲೂ ತಿಳಿದು ಕ್ರಮವನ್ನು ಬದಲಿಸುವ ಈ ನಡವಳಿಕೆ ವಿದ್ವಾಂಸರ ವಿಶೇಷ ಗಮನವನ್ನು ಸೆಳೆದಿದೆ.

ಜೀವನಚಕ್ರ

ಗಂಡು ಬಲಿತ ಮೇಲೆ ಹೆಣ್ಣಿನ ಬಲೆಯ ಅಂಚಿಗೆ ಬಂದು ಎಳೆಯನ್ನು ಮೀಟಿ ತನ್ನ ಇರವನ್ನು ತಿಳಿಸುವುದು. ಅರ್ಜಿಯೋಪಿ ಕುಲದ ಹಲವು ಜಾತಿಗಳಲ್ಲಿ ಗಂಡು ಕೂಟದ ಸಮಯದಲ್ಲಿಯೇ ಹೆಣ್ಣಿಗೆ ಆಹಾರವಾಗುವುದುಂಟು. ಹೆಣ್ಣು ಕೆಲವು ನೂರು ಮೊಟ್ಟೆಗಳನ್ನು ನೂಲಿನ ಚೀಲದಲ್ಲಿಟ್ಟು ಗಿಡಕ್ಕೆ ಬಿಗಿಯುವುದು. ಮರಿಗಳು ಚೀಲದೊಳಗೇ ಒಮ್ಮೆ ಪೊರೆ ಕಳಚಿ ಹೊರಬಂದು, ಎತ್ತರದ ತುದಿಯನ್ನು ಏರಿ, ಎಳೆಯನ್ನು ಗಾಳಿಗೆ ಬಿಟ್ಟು ಅದರೊಡನೆ ತೇಲಿಹೋಗುವುವು. ಸಮುದ್ರವೂ ಅವಕ್ಕೆ ಅಡ್ಡಿಯಲ್ಲ. 1832ರಲ್ಲಿ ಬೀಗಲ್ ಹಡಗು ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 60 ಮೈಲಿ ದೂರವಿದ್ದಾಗ ಇಂತಹ ಸಾವಿರಾರು ಪುಟ್ಟ ಜೇಡಗಳು ಗಾಳಿಯಲ್ಲಿ ಬಂದು ಹಗ್ಗಗಳ ಮೇಲೆ ಇಳಿದುದನ್ನು ಡಾರ್ವಿನ್ನನು ದಾಖಲಿಸಿದ್ದಾನೆ. ವಾಯವ್ಯದಿಂದ ಬೀಸುವ, ಶಮಾಲ್ ಎಂದು ಕರೆಯುವ ಗಾಳಿಯುಳ್ಳ ಕತಾರಿನಂತಹ ಬಯಲು ನಾಡಿನಲ್ಲಿ, ಹೊಸತಾಗಿ ನೆಟ್ಟ ತೋಟವೊಂದಕ್ಕೆ ಯಾರೂ ತಂದು ಬಿಡದ ಜೇಡ ಬಂದು ಸೇರುವುದು ಈ ದಾರಿಯಿಂದ.

ವಿಷ ಮತ್ತು ಉಪಯೋಗ

ಯುಲೊಬೊರಿಡೀ ಮೊದಲಾದ ಕೆಲವನ್ನು ಬಿಟ್ಟರೆ ಎಲ್ಲ ಜೇಡಗಳಿಗೂ ವಿಷವುಂಟು. ಆದರೆ ಚಕ್ರಬಲೆ ಜೇಡದ ವಿಷ ಕೀಟದ ಪ್ರಮಾಣಕ್ಕೆ ತಕ್ಕದ್ದು. ಕೈಯಲ್ಲಿ ಹಿಡಿದು ಅದುಮಿದರಲ್ಲದೆ ಅದು ಕಚ್ಚದು. ಕಚ್ಚಿದರೆ ಜೇನ್ನೊಣ ಕುಟುಕಿದಂತೆ ಸ್ವಲ್ಪ ಉರಿ, ಬಾವು ಬಂದು ತಾನಾಗಿಯೇ ಶಮನವಾಗುವುದು. ಕುಟುಕಿಗೆ ಮೈಯೊಗ್ಗದವರು ಮಾತ್ರ ವೈದ್ಯರನ್ನು ಕಾಣಬೇಕು. 1980ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಹಾಲೆಯುದರದ ಜೇಡದ ವಿಷದಿಂದಲೇ ಅರ್ಜಿಯೋಪಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ನರಕೋಶಗಳ ಗ್ಲುಟಮೇಟ್ ಗ್ರಾಹಕಗಳನ್ನು ತಡೆಯುವ ಇದು ನರವಿಜ್ಞಾನದ ಪ್ರಯೋಗಗಳಿಗೆ ಒದಗಿದೆ.

ತೋಟಗಾರನಿಗೆ ಈ ಜೇಡದಿಂದಾಗುವ ಉಪಕಾರ ಪ್ರತ್ಯಕ್ಷವಾದದ್ದು. ಒಂದು ಬಲೆ ದಿನವೂ ಹಿಡಿಯುವ ನೊಣ ಮಿಡತೆಗಳಿಗಾಗಿ ಯಾವ ಔಷಧವನ್ನೂ ಸಿಂಪಡಿಸಬೇಕಾಗಿಲ್ಲ. ಗುಡಾರಬಲೆಯ ಜೇಡ ಮಾತ್ರ, ಅಮೆರಿಕ ಖಂಡದಲ್ಲಿ ಹೊಸತಾಗಿ ಹರಡಿದ ಕಡೆ, ನಿಂಬೆ ಜಾತಿಯ ಗಿಡಗಳನ್ನು ಬಲೆಯಿಂದ ಮುಚ್ಚಿ ಬೆಳೆಗೆ ತೊಂದರೆ ಕೊಟ್ಟಿದೆ.

ಸಂಸ್ಕೃತಿಯಲ್ಲಿ

ಮುಂಡಕೋಪನಿಷತ್ತು ಸೃಷ್ಟಿಯನ್ನು ವಿವರಿಸುವಾಗ ಜೇಡವು ನೂಲನ್ನು ಹೊರಬಿಟ್ಟು ಒಳಗೆ ತೆಗೆದುಕೊಳ್ಳುವ ದೃಷ್ಟಾಂತವನ್ನು ಕೊಡುತ್ತದೆ. ಬಲೆಯನ್ನು ತಿನ್ನುವ ಚಕ್ರಬಲೆ ಜೇಡಕ್ಕೆ ಈ ಮಾತು ಅಕ್ಷರಶಃ ಒಪ್ಪುವುದು. ಖುರ್‌ಆನಿನ 29ನೆಯ ಅಧ್ಯಾಯದ ಹೆಸರೇ ಅನ್ಕಬೂತ್. ಮನೆಗಳಲ್ಲಿ ಅತ್ಯಂತ ದುರ್ಬಲವಾದದ್ದಕ್ಕೆ ಅಲ್ಲಿ ಜೇಡದ ಮನೆಯನ್ನು ಉಪಮಾನವಾಗಿ ಹೇಳಿದೆ. ಪ್ರವಾದಿಯವರು ಸೌರ್ ಬೆಟ್ಟದ ಗುಹೆಯಲ್ಲಿ ತಂಗಿದ್ದಾಗ ಜೇಡವು ಬಾಗಿಲಿಗೆ ಬಲೆ ನೇಯ್ದು ರಕ್ಷಿಸಿತೆಂಬ ಪರಂಪರೆಯ ಕಥೆಯೂ ಮುಸ್ಲಿಮರಲ್ಲಿ ಪ್ರಸಿದ್ಧವಾದದ್ದು.

ದೋಹಾದ ಕತಾರ್ ರಾಷ್ಟ್ರೀಯ ಸಮ್ಮೇಳನ ಕೇಂದ್ರದ ಒಳಾಂಗಣದಲ್ಲಿ ಲೂಯಿಸ್ ಬೂರ್ಜ್ವಾ ಎಂಬ ಶಿಲ್ಪಿ ರೂಪಿಸಿದ, ಒಂಬತ್ತು ಮೀಟರಿಗೂ ಎತ್ತರವಾದ ಲೋಹದ ಜೇಡವೊಂದು ನಿಂತಿದೆ. ಅದರ ಹೆಸರು ಮಾಮಾಂ, ಎಂದರೆ ಫ್ರೆಂಚಿನಲ್ಲಿ ಅಮ್ಮ. ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳಿವೆ. ಶಿಲ್ಪಿಯ ತಾಯಿ ಹಳೆಯ ಚಿತ್ರಗಂಬಳಿಗಳ ನೇಯ್ಗೆಯನ್ನು ಸರಿಪಡಿಸುವ ಕಸುಬಿನವಳಾಗಿದ್ದಳು.

ಇಂದಿನ ಸ್ಥಿತಿ

ಹಾಲೆಯುದರದ ಜೇಡವೂ ಗುಡಾರಬಲೆಯ ಜೇಡವೂ ವಿಶಾಲ ವ್ಯಾಪ್ತಿಯುಳ್ಳ ಜಾತಿಗಳು. ಕತಾರಿನಂತಹ ಒಣನಾಡಿನಲ್ಲಿ ಇಂತಹ ಜೇಡಕ್ಕೆ ಬೇಕಾದ ನೆಲೆ ಸಹಜವಾಗಿ ಒದಗುವುದು, ಮಳೆನೀರು ನಿಂತು ಹಸುರಾಗುವ ರೌದಾ ಎಂಬ ತಗ್ಗುಗಳ ಸಿದ್ರ್ ಮತ್ತು ಸಮುರ್ ಮರಗಳ ನಡುವೆ. ಇವು ನಮ್ಮ ಬೋರೆ ಮತ್ತು ಜಾಲಿಗಳ ದಾಯಾದಿಗಳು. ನೀರಾವರಿಯ ತೋಟಗಳೂ, 2022ರ ವಿಶ್ವಕಪ್ ಪಂದ್ಯಾವಳಿಗೆ ಮುನ್ನ ದೋಹಾದಲ್ಲಿ ವಿಸ್ತರಿಸಿದ ಉದ್ಯಾನಗಳೂ ಸಾಲುಗಿಡಗಳೂ ಇಂತಹ ಜೀವಿಗಳಿಗೆ ಹೊಸ ಆಸರೆ. ಸೊಳ್ಳೆ ನೊಣಗಳಿಗೆಂದು ಬಳಸುವ ಕೀಟನಾಶಕದ ಹೊಗೆಯೂ, ಗಿಡಗಳನ್ನು ಪದೇ ಪದೇ ಗೋಡೆಯಂತೆ ಕತ್ತರಿಸುವುದೂ ಅವುಗಳಿಗೆ ಕೇಡು. ಬಲೆಯು ನಡೆಯುವ ದಾರಿಗೆ ಅಡ್ಡವಾಗಿದ್ದರೆ ಜೇಡವನ್ನು ಕೊಲ್ಲಬೇಕಾಗಿಲ್ಲ. ಉದ್ದನೆಯ ಕಡ್ಡಿಯಿಂದ ನೇಮಿಯ ಎಳೆಗಳನ್ನು ಒಂದು ಕಡೆ ಬಿಡಿಸಿ, ಕಡ್ಡಿಯನ್ನು ಏರಿದ ಜೇಡವನ್ನು ಬೇಲಿಯ ಆಚೆಗಿನ ಗಿಡಕ್ಕೆ ಸಾಗಿಸಿದರೆ, ಅದು ಅಲ್ಲಿಯೇ ಹೊಸ ಬಲೆಯನ್ನು ಕಟ್ಟಿಕೊಳ್ಳುವುದು.